ಮಗ್ಗದ ಗುಂಡಿಯಲ್ಲಿ ಬಿದ್ದದ್ದು

ದೆವ್ವ, ಶಕುನ, ಕಣಿ, ಕನಸಿನ ಫಲ, ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇರಲಿಲ್ಲ ಎನ್ನುವುದಕ್ಕಿಂತ, ನಂಬುವವರನ್ನು ಕಂಡರೆ ನಗು ಬರುತ್ತಿತ್ತು ಎಂದರೆ ಸರಿ. ಹಗ್ಗ ಕಂಡು ಹಾವೆಂದು ಓಡಿದವರ ಕಥೆಗಳನ್ನು ಕಟ್ಟೆಯ ಮೇಲೆ ಕೂತು ಬಣ್ಣ ಕಟ್ಟಿ ಹೇಳುತ್ತಿದ್ದವನು ನಾನು. ಈಗಲೂ ನನಗೆ ದೆವ್ವದಲ್ಲಿ ನಂಬಿಕೆ ಇಲ್ಲ. ಆದರೆ ಆ ನಗುವನ್ನು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಏಕೆ ಬಿಟ್ಟೆ ಎಂಬುದನ್ನು ಇದುವರೆಗೆ ಒಬ್ಬರಿಗೂ ಹೇಳಿಲ್ಲ. ಓದಿದವರು ಸುಳ್ಳುಗಾರ ಎಂದರೆ ನನಗೇನೂ ಬೇಸರವಿಲ್ಲ. ಇದು ಸುಳ್ಳಾಗಿದ್ದರೆ ನನ್ನಷ್ಟು ಸುಖಿ ಇನ್ನೊಬ್ಬನಿರುತ್ತಿರಲಿಲ್ಲ.

ಈಗ ಚಳ್ಳಕೆರೆಯಲ್ಲಿ ನನ್ನನ್ನು ಎಲ್ಲರೂ ಮೇಷ್ಟ್ರು ಎಂದೇ ಬಲ್ಲರು. ಹುಟ್ಟಿದ್ದು ಮಾತ್ರ ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ. ತಂದೆ, ತಾತ ಎಲ್ಲರೂ ರೇಷ್ಮೆ ಸೀರೆ ನೇಯ್ದವರು. ಮೂವತ್ತು ತುಂಬುವ ತನಕ ನಾನೂ ನೇಯ್ದೆ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿಗೆ ಕೂತು, ಕಾಲನ್ನು ಕೆಳಗೆ ಇಳಿಬಿಟ್ಟು ತುಳಿಯುವ ಹಲಗೆಗಳನ್ನು ತುಳಿಯುತ್ತ ನೇಯುವುದು. ನೇಕಾರನ ಕಣ್ಣು ಯಾವಾಗಲೂ ಎಳೆಯ ಮೇಲಿರುತ್ತದೆ. ಗುಂಡಿಯೊಳಗೆ ಏನಿದೆ ಎಂಬುದು ಅವನ ಕಾಲಿಗಷ್ಟೇ ಗೊತ್ತು. ಕೇರಿಯಲ್ಲಿ ಚೆನ್ನಾಗಿ ಓದು ಬರಹ ಬಲ್ಲವನು ನಾನೊಬ್ಬನೇ ಆಗಿದ್ದರಿಂದ ಕಚೇರಿಯಿಂದ ಬಂದ ಕಾಗದಗಳನ್ನು ಎಲ್ಲರಿಗೂ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅದರ ಜಂಬವೂ ಸ್ವಲ್ಪ ಇತ್ತು. ಸ್ವಲ್ಪವೇನು, ಸಾಕಷ್ಟೇ ಇತ್ತು.

ಅದು ಪ್ಲೇಗಿನ ಕಾಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮಾರಿ ಹೊಸ್ತಿಲೊಳಗೆ ಬಂದಳೆಂದೇ ಲೆಕ್ಕ. ‘ಇಲಿ ಬಿತ್ತು’ ಎಂಬ ಎರಡು ಮಾತು ಕೇಳಿದರೆ ಗಟ್ಟಿಗರ ಮುಖವೂ ಬಿಳಿಚುತ್ತಿತ್ತು. ಹಿಂದಿನ ವರ್ಷ ಒಂದು ಮನೆಯವರು ಬಿದ್ದ ಇಲಿಯನ್ನು ಗುಟ್ಟಾಗಿ ತಿಪ್ಪೆಗೆ ಹಾಕಿ ಸುಮ್ಮನಿದ್ದರು. ಅವರೂ ಹೋದರು, ಅಕ್ಕಪಕ್ಕದವರೂ ಹೋದರು. ಆಮೇಲೆ ಕೇರಿಯ ಯಜಮಾನರಾದ ಓಬಳಪ್ಪನವರ ಕಟ್ಟೆಯಲ್ಲಿ ಎಲ್ಲರೂ ಸೇರಿ ಒಂದು ಕಟ್ಟು ಮಾಡಿಕೊಂಡೆವು. ಇಲಿ ಬಿದ್ದ ಮನೆಯವರು ಅದನ್ನು ಮುಟ್ಟದೆ ಮೇಲೆ ಬುಟ್ಟಿ ಮುಚ್ಚಬೇಕು, ಮಧ್ಯಾಹ್ನದೊಳಗೆ ಊರ ಹೊರಗಿನ ಗುಡಿಸಲಿಗೆ ಹೋಗಬೇಕು. ಉಟ್ಟ ಬಟ್ಟೆ, ಬೆಂಕಿಗೆ ಕಾಯಿಸಿದ ಪಾತ್ರೆ ಬಿಟ್ಟು ಬೇರೇನನ್ನೂ ಒಯ್ಯಬಾರದು. ಎರಡು ತಿಂಗಳು ಆ ಮನೆಗೆ ಕಾಲಿಡಬಾರದು. ಬಡವರಿರಲಿ, ಬಲ್ಲಿದರಿರಲಿ, ಇದರಲ್ಲಿ ದಾಕ್ಷಿಣ್ಯ ಕೂಡದು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನು.

ಅದೇ ವರ್ಷ ಪುಷ್ಯ ಮಾಸದ ಚಳಿಯಲ್ಲಿ ನನ್ನ ಹೆಂಡತಿ ತಿಪ್ಪಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಮೊದಲ ಕೂಸು. ಆಕೆಯ ತವರು ತಳಕಿನ ಹತ್ತಿರದ ಒಂದು ಹಳ್ಳಿ. ಅಲ್ಲಿಯವರು ಆಗಲೇ ಊರು ಬಿಟ್ಟು ಬಯಲಿಗೆ ಬಿದ್ದಿದ್ದರಿಂದ ಹೆರಿಗೆ ನಮ್ಮಲ್ಲೇ ಆಯಿತು. ಆ ಒಂಬತ್ತು ವರ್ಷದಲ್ಲಿ ಆಕೆ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ ನಾನರಿಯೆ. ಅರಿತಷ್ಟಕ್ಕೆಲ್ಲ ನಕ್ಕಿದ್ದೆ. ಕೂಸನ್ನು ಕಂಡಾಗ ಮಾತ್ರ ನಗಲಿಲ್ಲ. ಅಂಗೈಯಗಲದ ಮುಖ, ತಲೆ ತುಂಬ ಕಪ್ಪು ಕೂದಲು. ಕೋಣೆಯ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ನೋಡಿದರೂ ಸಾಲದೆನಿಸುತ್ತಿತ್ತು.

ಪುರುಡಿನ ಹತ್ತು ದಿನ ಮಗ್ಗ ಮುಟ್ಟಬಾರದೆಂಬುದು ನಮ್ಮಲ್ಲಿ ವಾಡಿಕೆ. ಐದು ದಿನ ಹೇಗೋ ತಡೆದೆ. ಆರನೆಯ ದಿನ, ಇವೆಲ್ಲ ಅಜ್ಜಿಯರ ಶಾಸ್ತ್ರ ಎಂದುಕೊಂಡು, ಅವ್ವ ಏಳುವ ಮೊದಲೇ, ಇನ್ನೂ ಮಬ್ಬುಗತ್ತಲೆ ಇರುವಾಗ ಮಗ್ಗದ ಕೋಣೆಗೆ ಹೋಗಿ ಕೂತೆ. ಗುಂಡಿಗೆ ಕಾಲು ಬಿಟ್ಟೆ. ಅಂಗಾಲಿಗೆ ಏನೋ ತಣ್ಣಗೆ, ಮೆತ್ತಗೆ, ಕೂದಲು ಕೂದಲಾಗಿ ತಗಲಿತು.

ಹೇಗೆ ಮೇಲಕ್ಕೆ ಹಾರಿದೆನೋ ತಿಳಿಯದು. ದೀಪ ತಂದು ದೂರದಿಂದಲೇ ಹಿಡಿದು ನೋಡಿದೆ. ಗುಂಡಿಯ ಮೂಲೆಯಲ್ಲಿ ಬೂದುಗಂದು ಬಣ್ಣದ ಮೈ, ಅರೆ ತೆರೆದ ಬಾಯಿ, ಸಣ್ಣ ಹಲ್ಲು. ಅಲುಗುತ್ತಿರಲಿಲ್ಲ. ಒಂದೇ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ಆದರೆ ಆ ದಿನಗಳಲ್ಲಿ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಅದರ ಗಾಳಿಯೇ ವಿಷ ಎನ್ನುತ್ತಿದ್ದರು. ಕೋಳಿ ಮುಚ್ಚುವ ಮಂಕರಿಯನ್ನು ತಂದು ಅದರ ಮೇಲೆ ಕವುಚಿ, ಒಂದು ಕಲ್ಲು ಹೇರಿ, ಕೋಣೆಯ ಬಾಗಿಲೆಳೆದುಕೊಂಡು ಹೊರಗೆ ಬಂದೆ.

ಅವ್ವ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. “ಮಗಾ, ಸರಿಯಾಗಿ ನೋಡಿದೇನೋ? ಒಂದು ಸಲ ಮಂಕರಿ ಎತ್ತಿ ನೋಡು. ಆರು ದಿನದ ಕೂಸೈತೆ ಮನ್ಯಾಗೆ.”

“ಇಲಿ ಅಲ್ದೆ ಇನ್ನೇನು ಆನೆ ಬಿದ್ದಿರ್ತೈತಾ?” ಎಂದು ರೇಗಿದೆ.

ಸುದ್ದಿ ತಿಳಿದು ಓಬಳಪ್ಪನವರು ಬಂದರು. ಅಂಗಳದ ಆಚೆಯೇ ನಿಂತು, “ಲೇ ತಮ್ಮಾ, ಕಟ್ಟು ಮಾಡಿದೋರು ನಾವೇ, ಸಡ್ಲ ಮಾಡೋರೂ ನಾವೇ. ಹಸಿ ಬಾಣಂತಿ ಅವ್ಳೆ. ಹಿತ್ತಲ ಕೊಟ್ಟಿಗ್ಯಾಗೆ ಇದ್ಬಿಡ್ರಿ ನಾಲ್ಕು ದಿನ. ಯಾರೂ ಏನೂ ಅನ್ನಲ್ಲ” ಎಂದರು.

ಆ ಮಾತನ್ನು ಆ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದರು. ಆದರೆ ಇಡೀ ಕೇರಿಯ ಮುಂದೆ ಕೂಗಿದವನಿಗೆ ಹಿಂದೆಗೆಯುವುದು ಹೇಗೆ ಸಾಧ್ಯ? “ಊರಿಗೊಂದು ನ್ಯಾಯ, ನನಗೊಂದು ನ್ಯಾಯ ಬೇಡ ಯಜಮಾನ್ರೇ” ಎಂದೆ. ಹಾಗೆಂದಾಗ ನನ್ನ ಬೆನ್ನು ನನಗೇ ನೆಟ್ಟಗಾಯಿತು.

ತಿಪ್ಪಮ್ಮ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ಹೊಸ್ತಿಲು ದಾಟುವಾಗ ಹಿಂದಕ್ಕೆ ತಿರುಗಿ, ತೊಲೆಯ ಮೇಲೆ ಮಡಿಸಿಟ್ಟಿದ್ದ ಕಂಬಳಿಯನ್ನು ನೋಡಿ, “ಕಂಬ್ಳಿ?” ಎಂದಳು. ಬೇಡ ಎಂದೆ.

ಗುಡಿಸಲುಗಳಿದ್ದುದು ಗುಡ್ಡದಾಚೆಯ ಬಯಲಲ್ಲಿ, ನಮ್ಮ ಕೇರಿಯಿಂದ ಒಂದು ಮೈಲಿ ದೂರದಲ್ಲಿ. ಸಜ್ಜೆ ದಂಟಿನ ಗೋಡೆ, ಹುಲ್ಲಿನ ಮಾಡು. ರಾತ್ರಿಯೆಲ್ಲ ಗಾಳಿ ಆ ದಂಟುಗಳ ಸಂದಿನಿಂದ ನುಗ್ಗುತ್ತಿತ್ತು. ಒಂದು ಕಿಡಿ ಹಾರಿದರೆ ಸಾಲಿಗೆ ಸಾಲೇ ಸುಟ್ಟೀತೆಂದು ಊಟವಾದ ಕೂಡಲೇ ಬೆಂಕಿ ಆರಿಸಬೇಕಿತ್ತು. ಬಾಣಂತಿಗೆ ಕೆಂಡವಿಲ್ಲ, ಕೂಸಿಗೆ ಕಂಬಳಿಯಿಲ್ಲ. ಅವ್ವ ತನ್ನ ಸೀರೆಯ ಅರ್ಧ ಹರಿದು ಕೂಸಿಗೆ ಸುತ್ತಿದಳು. ಮೂರನೆಯ ದಿನ ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು. ಪಕ್ಕದ ಗುಡಿಸಲಿನಲ್ಲಿದ್ದ ಮುದುಕಿ ಬಂದು ಬಟ್ಟೆ ಸರಿಸಿ ನೋಡಿ, “ಪಕ್ಕೆ ಎಳೀತೈತೆ. ಬೆಚ್ಚಗಿಡ್ರಿ, ಬೇರೆ ಮದ್ದಿಲ್ಲ” ಎಂದಳು. ಉಸಿರೆಳೆದಾಗಲೆಲ್ಲ ಆ ಸಣ್ಣ ಪಕ್ಕೆಲುಬುಗಳು ಒಳಕ್ಕೆ ಹೋಗುತ್ತಿದ್ದವು. ಇಲಿಯಿಂದ ಉಳಿಸಲೆಂದು ಕರೆತಂದ ಕೂಸು ಚಳಿಗೆ ಸಿಕ್ಕಿತ್ತು.

ನಾಲ್ಕನೆಯ ದಿನ ಮಧ್ಯಾಹ್ನದ ಮೇಲೆ ನನ್ನ ಕಟ್ಟನ್ನು ನಾನೇ ಮುರಿದೆ. ಕಂಬಳಿ ತರುತ್ತೇನೆಂದು ಹೇಳಿದರೆ ಅವ್ವ ತಡೆದಾಳೆಂದು, ಸೌದೆಗೆ ಹೋಗುತ್ತೇನೆಂದು ಹೇಳಿ ಊರ ಕಡೆ ನಡೆದೆ. ಅಷ್ಟರಲ್ಲಿ ಕೇರಿಯ ಉಳಿದವರೂ ಹೆದರಿ ಹೊರಬಿದ್ದಿದ್ದರು. ಒಂದು ನಾಯಿಯೂ ಇರಲಿಲ್ಲ. ಹಿತ್ತಲ ಕಡೆಯಿಂದ ಮನೆಯೊಳಗೆ ಹೋಗಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೆ. ಹೊರಡಬೇಕು, ಆಗ ಮಗ್ಗದ ಕೋಣೆಯಿಂದ ಒಂದು ಸದ್ದು ಕೇಳಿತು. ಒಣಗಿದ ಬಿದಿರನ್ನು ಉಗುರಿನಿಂದ ಪರಚುವ ಸದ್ದು.

ಸತ್ತ ಇಲಿ ನಾಲ್ಕು ದಿನದ ಮೇಲೆ ಪರಚುವುದಿಲ್ಲ. ಆಮೇಲೆ ಹೊಳೆಯಿತು, ಮನೆಯಲ್ಲಿ ನಾತವೂ ಇರಲಿಲ್ಲ. ಗುಂಡಿಯ ಬಳಿ ಹೋಗಿ ಕಲ್ಲನ್ನು ತೆಗೆದು, ಕೋಲಿನಿಂದ ಮಂಕರಿಯನ್ನು ಮಗುಚಿದೆ. ಅದರ ಒಳಮೈಗೆ ಕಾಲುಗುರು ಸಿಕ್ಕಿಸಿಕೊಂಡು ಒಂದು ಸಣ್ಣ ಬಾವಲಿ ತಲೆಕೆಳಗಾಗಿ ಜೋತಿತ್ತು. ನಮ್ಮ ಮಾಳಿಗೆಯ ಜಂತಿಗಳ ಸಂದಿನಲ್ಲಿರುವ ಜಾತಿಯದೇ. ಅದರ ಎಡ ರೆಕ್ಕೆಗೆ ಕೆಂಪು ರೇಷ್ಮೆಯ ಎಳೆ ನಾಲ್ಕಾರು ಸುತ್ತು ಬಿಗಿದುಕೊಂಡಿತ್ತು. ಐದು ದಿನ ನೇಯದೆ ಬಿಟ್ಟ ಮಗ್ಗದಿಂದ ಜೋತಾಡುತ್ತಿದ್ದ ಎಳೆ. ಅದಕ್ಕೆ ಸಿಕ್ಕಿ, ಹಾರಲಾರದೆ ಗುಂಡಿಗೆ ಬಿದ್ದು, ಚಳಿಗೆ ಮರಗಟ್ಟಿದ್ದ ಜೀವವನ್ನು ನಾನು ಸತ್ತ ಇಲಿ ಎಂದುಕೊಂಡಿದ್ದೆ.

ನನ್ನ ಮನೆಗೆ ಮಾರಿ ಬಂದೇ ಇರಲಿಲ್ಲ. ನನ್ನ ಕೂಸನ್ನು ಬಯಲಿಗೆ ಹಾಕಿದ್ದು ನಾನು.

ಮೊದಲು ಬಂದದ್ದು ಸಿಟ್ಟು. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದೆ. ಬಾವಲಿ ಬಾಯಿ ತೆರೆಯಿತು, ಸದ್ದೇನೂ ಬರಲಿಲ್ಲ. ಅದರ ಪಕ್ಕೆಗಳು ಒಳಕ್ಕೂ ಹೊರಕ್ಕೂ ಆಡುತ್ತಿದ್ದವು. ಬೆಳಗಿನಿಂದ ಗುಡಿಸಲಿನಲ್ಲಿ ನೋಡುತ್ತ ಕೂತಿದ್ದ ಪಕ್ಕೆಗಳ ಹಾಗೆಯೇ. ಕಲ್ಲನ್ನು ಕೆಳಗಿಟ್ಟೆ.

ಕಂಬಳಿ ಹೆಗಲ ಮೇಲಿದ್ದಾಗ ನಾನು ಕೂಡಲೇ ಏಕೆ ಓಡಲಿಲ್ಲ? ನೀವು ಕೇಳುತ್ತೀರಿ. ಮೂವತ್ತು ವರ್ಷದಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ. ಇದನ್ನು ಓಬಳಪ್ಪನವರಿಗೆ ತೋರಿಸಿದರೆ ಇವತ್ತೇ ಎಲ್ಲರನ್ನೂ ಮನೆಗೆ ಕರೆತರಬಹುದು ಎಂಬ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಆದರೆ ನಾನು ಕೂತದ್ದು ಅದಕ್ಕಲ್ಲ. ಜನ್ಮದಲ್ಲಿ ಒಂದು ಹರಕೆಯನ್ನೂ ಹೊರದವನು ಆ ಹೊತ್ತು ಹರಕೆ ಹೊತ್ತೆ. ಯಾವ ದೇವರಿಗೆಂದು ನನಗೇ ತಿಳಿಯದು. ಇದನ್ನು ಬದುಕಿಸುತ್ತೇನೆ, ಆ ಕೂಸನ್ನು ನನಗೆ ಬಿಡು ಎಂದುಕೊಂಡೆ. ಬಾಯಿ ಬಿಟ್ಟೇ ಹೇಳಿದೆ.

ಹರಕೆಯನ್ನು ಅಚ್ಚುಕಟ್ಟಾಗಿಯೇ ತೀರಿಸಿದೆ. ಕಚ್ಚೀತೆಂದು ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಅದನ್ನು ಹಿಡಿದೆ. ಹಿಸುಕದ ಹಾಗೆ, ಜಾರದ ಹಾಗೆ. ಎಳೆ ಕತ್ತರಿಸುವ ಸಣ್ಣ ಕತ್ತರಿಯಿಂದ ಒಂದೊಂದೇ ಸುತ್ತು ಬಿಡಿಸಿದೆ. ರೆಕ್ಕೆಯ ತೊಗಲು ಹರಿದಿರಲಿಲ್ಲ, ಎಲುಬೂ ಮುರಿದಿರಲಿಲ್ಲ. ಬಿಗಿದಲ್ಲಿ ಊದಿತ್ತು, ಅಷ್ಟೇ. ಬಟ್ಟೆಯ ತುದಿಯನ್ನು ನೀರಿಗದ್ದಿ ಬಾಯಿಯ ಪಕ್ಕಕ್ಕೆ ಹಿಡಿದಾಗ ಸೂಜಿಯಂಥ ನಾಲಿಗೆ ಚಾಚಿ ನೆಕ್ಕಿತು. ನೆಲದ ಮೇಲೆ ಬಿಟ್ಟೆ. ಮೊಣಕೈ ಊರಿಕೊಂಡು ತೆವಳಿತೇ ಹೊರತು ಏಳಲಿಲ್ಲ. ಬಾವಲಿ ಹಕ್ಕಿಯ ಹಾಗೆ ನೆಲದಿಂದ ಹಾರುವುದಿಲ್ಲ, ಎತ್ತರದಿಂದ ಕೆಳಕ್ಕೆ ಬಿದ್ದು ಹಾರುತ್ತದೆ ಎಂಬುದು ಹಳೆ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಅದನ್ನು ಮರಕ್ಕೆ ಹಾಕಬೇಕಿತ್ತು. ಆದರೆ ಬಿಸಿಲಲ್ಲಿ ಬಿಟ್ಟರೆ ಕಾಗೆಗಳು ಕುಕ್ಕಿ ಕೊಲ್ಲುತ್ತವೆ.

ಕಪ್ಪಾಗುವ ತನಕ ಕಾಯೋಣವೆಂದು ಅದನ್ನು ಬಟ್ಟೆಯ ಸಮೇತ ಮಂಕರಿಯ ಕತ್ತಲಲ್ಲಿಟ್ಟು ಪಕ್ಕದಲ್ಲಿ ಕೂತೆ. ಕಂಬಳಿ ನನ್ನ ತೊಡೆಯ ಮೇಲಿತ್ತು. ಎರಡು ತಾಸಾದರೂ ಕೂತಿರಬೇಕು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದುಕೊಳ್ಳುತ್ತಿದ್ದೆ. ಅಷ್ಟು ಹೊತ್ತೂ, ಇಲ್ಲಿ ನಾನು ಎದ್ದುಹೋದರೆ ಅಲ್ಲಿ ಕೂಸು ಹೋಗುತ್ತದೆ ಎಂಬುದು ನನಗೆ ಸೂರ್ಯ ಮುಳುಗುವಷ್ಟೇ ಖಚಿತವಾಗಿತ್ತು.

ಹೊತ್ತು ಮುಳುಗಿ ಆಕಾಶದಲ್ಲಿ ಸ್ವಲ್ಪವೇ ಬೆಳಕಿದ್ದಾಗ ಹಿತ್ತಲ ಹುಣಸೆ ಮರದ ಬಳಿಗೆ ಹೋದೆ. ಕೈ ನಿಲುಕುವಷ್ಟು ಎತ್ತರದಲ್ಲಿ, ಒರಟು ತೊಗಟೆಗೆ ಅದರ ಕಾಲುಗುರು ಸಿಕ್ಕಿಸಿ, ಮೆಲ್ಲಗೆ ಬಟ್ಟೆ ಸರಿಸಿದೆ. ತಲೆಕೆಳಗಾಗಿ ಜೋತು ನಡುಗುತ್ತಿತ್ತು. ಬಿದ್ದರೆ ಹಿಡಿಯೋಣವೆಂದು ಎರಡು ಕೈ ಒಡ್ಡಿಕೊಂಡು ಕೆಳಗೆ ನಿಂತೆ. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಒಂದು ಸಲ ರೆಕ್ಕೆ ಬಿಚ್ಚಿ ಮಡಿಸಿತು. ಮತ್ತೊಂದು ಸಲ ಬಿಚ್ಚಿತು. ತಟ್ಟನೆ ಹಿಡಿತ ಬಿಟ್ಟು ಕೆಳಕ್ಕೆ ಬಿತ್ತು. ನನ್ನ ಮೊಣಕಾಲಿನ ತನಕ ಬಂದು, ಅಲ್ಲಿಂದ ಮೇಲಕ್ಕೆದ್ದು, ಗೋಡೆ ದಾಟಿ ಹೋಯಿತು. “ಬದುಕ್ತು!” ಎಂದು ಕೂಗಿದೆ. ಕಂಬಳಿ ಹಿಡಿದು ಗುಡ್ಡದ ದಾರಿಯುದ್ದಕ್ಕೂ ಓಡಿದೆ. ಜೀವಮಾನದಲ್ಲಿ ನಾನು ಅಷ್ಟು ಸಂತೋಷದಿಂದ ಇನ್ನೊಮ್ಮೆ ಓಡಿಲ್ಲ.

ಅವ್ವ ಗುಡಿಸಲಿನ ಹೊರಗೆ ನೆಲದ ಮೇಲೆ ಕೂತಿದ್ದಳು. ನನ್ನ ಕೈಯಲ್ಲಿದ್ದ ಕಂಬಳಿಯನ್ನು ನೋಡಿದಳು, ಬೈಯಲಿಲ್ಲ. ಆಗಲೇ ನನಗೆ ತಿಳಿಯಿತು.

ಒಳಗೆ ತಿಪ್ಪಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸನ್ನು ಅವಳ ಪಕ್ಕದಿಂದ ತೆಗೆದು ಬೇರೆ ಮಲಗಿಸಿದ್ದರು. ಕಂಬಳಿಯನ್ನು ಹೊದಿಸಿದೆ. ಹೊರಗೆ ಬಂದು ಅವ್ವನ ಪಕ್ಕ ಕೂತಾಗ ಅವಳು ತಾನಾಗಿ ಹೇಳಿದಳು. ಆ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ.

“ಕಪ್ಪಾಗೋ ಹೊತ್ತು. ದೀಪ ಹಚ್ಬೇಕು ಅಂತಿದ್ದೆ. ಮಲಗಿದ್ದೋಳು ದಡಕ್ಕನೆ ಎದ್ದು ಕೂತ್ಲಪ್ಪಾ. ‘ಅತ್ತೆ, ನೋಡ್ರಿ, ನಿಮ್ಮ ಮಗ ಕೂಸನ್ನ ಹುಣಸೆ ಮರಕ್ಕೆ ತಗಲಾಕಿ ಕೆಳಗೆ ಕೈಯೊಡ್ಡಿ ನಿಂತವ್ರೆ. ಚಳಿ ಆಗ್ತೈತೆ ಅದಕ್ಕೆ, ಇಳಿಸ್ಕಳ್ಳಿ ಅನ್ರಿ’ ಅಂದ್ಲು. ಕೂಸು ಇಲ್ಲೇ ಐತಲ್ಲೇ ನಿನ್ನ ಮಗ್ಗುಲಾಗೆ ಅಂದೆ. ಕೇಳಿಸ್ಕಳ್ಳೇ ಇಲ್ಲ. ಕಣ್ಣು ಬಿಟ್ಕಂಡು ನೋಡ್ತಾನೇ ಇದ್ಲು. ಆಮೇಲೆ ‘ಬಿಟ್ಬಿಡ್ತು, ಹಾರೋಯ್ತು’ ಅಂತಂದು ಮಲಗಿದ್ಲು. ದೀಪ ಹಚ್ಚಿ ನೋಡ್ತೀನಿ, ಕೂಸು ಹೋಗೈತೆ.”

ನಾನು ಸೌದೆಗೆ ಹೋಗಿದ್ದೇನೆಂದೇ ಅವರಿಬ್ಬರೂ ತಿಳಿದಿದ್ದರು. ಮರದ ಮಾತು, ಕೈಯೊಡ್ಡಿ ನಿಂತ ಮಾತು ನನ್ನ ಬಾಯಿಂದ ಇನ್ನೂ ಹೊರಟಿರಲಿಲ್ಲ. ಅವ್ವನಿಂದ ಆ ಮಾತುಗಳನ್ನು ಮತ್ತೆ ಮತ್ತೆ ಹೇಳಿಸಿದೆ. ಒಂದಕ್ಷರವೂ ಬದಲಾಗಲಿಲ್ಲ.

ಬೆಳಿಗ್ಗೆ ಬಯಲಿನ ಅಂಚಿನಲ್ಲಿ ಕೂಸನ್ನು ಮಣ್ಣು ಮಾಡಿದೆವು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅದು ಇಲಿಯಲ್ಲ ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಂದೇ ಬಾಣಂತಿಯನ್ನು ಬೆಚ್ಚಗಿನ ಮನೆಗೆ ಕರೆದೊಯ್ಯಬಹುದಿತ್ತು. ಆದರೆ ಹಾಗೆ ಹೇಳಿದರೆ ಕೂಸು ಯಾರಿಂದ ಸತ್ತಿತೆಂಬುದನ್ನೂ ಹೇಳಿದಂತಾಗುತ್ತಿತ್ತು. ಮಗಳನ್ನು ಕಳೆದುಕೊಂಡ ಆ ಹೆಂಗಸನ್ನು ಎರಡು ತಿಂಗಳು ಅದೇ ದಂಟಿನ ಗೋಡೆಯೊಳಗೆ ಇಟ್ಟುಕೊಂಡೆ. ಕಟ್ಟಿಗೆ ತಲೆಬಾಗಿದ ದೊಡ್ಡ ಮನುಷ್ಯನೆಂದು ಜನ ನನ್ನನ್ನು ಹೊಗಳಿದರು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಓಬಳಪ್ಪನವರು ಬೆನ್ನು ಸವರಿದರು. ಮನೆಗೆ ಮರಳಿದ ಮೇಲೆ ಗುಂಡಿಗೆ ಕಾಲು ಬಿಡಲು ನನ್ನಿಂದಾಗಲಿಲ್ಲ. ಮಗ್ಗ ಬಿಚ್ಚಿ, ಚಳ್ಳಕೆರೆಗೆ ಬಂದು, ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುವ ಕೆಲಸ ಹಿಡಿದೆ. ನಮಗೆ ಮತ್ತೆ ಮಕ್ಕಳಾಗಲಿಲ್ಲ.

ಆಕೆ ಅಂದು ಕಂಡದ್ದೇನು? ಜ್ವರದ ಬಡಬಡಿಕೆ ಎಂದುಕೊಳ್ಳಲು ನೋಡಿದೆ. ಆಕೆಗೆ ಜ್ವರವಿರಲಿಲ್ಲ. ಯಾರೋ ನನ್ನನ್ನು ನೋಡಿ ಓಡಿಬಂದು ಹೇಳಿರಬೇಕೆಂದುಕೊಂಡೆ. ಕೇರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅವ್ವ ದುಃಖದಲ್ಲಿ ಹಿಂದುಮುಂದು ಮಾಡಿ ಹೇಳಿರಬಹುದೆಂದುಕೊಂಡೆ. ಹುಣಸೆ ಮರದ ಹೆಸರು ಅವಳ ಬಾಯಿಗೆ ಹೇಗೆ ಬರಬೇಕು? ನನ್ನ ಹರಕೆಯನ್ನು ಯಾರು ಕೇಳಿಸಿಕೊಂಡರು, ಹೇಗೆ ಕೇಳಿಸಿಕೊಂಡರು, ಬಾವಲಿಯನ್ನು ಬಿಟ್ಟ ಹೊತ್ತಿಗೇ ಕೂಸಿನ ಉಸಿರು ಹೋದದ್ದೇಕೆ, ನಾನು ಮೊದಲೇ ಕಂಬಳಿ ಹಿಡಿದು ಓಡಿದ್ದರೆ ಅದು ಉಳಿಯುತ್ತಿತ್ತೇ?

ಅವ್ವ ಆ ಬೇಸಿಗೆಯಲ್ಲೇ ತೀರಿಕೊಂಡಳು. ತಿಪ್ಪಮ್ಮ ಆ ಸಂಜೆಯ ಮಾತನ್ನು ಎಂದೂ ಎತ್ತಿಲ್ಲ. ಆಡಿದ್ದು ನೆನಪಿದೆಯೋ ಇಲ್ಲವೋ, ನಾನೂ ಕೇಳಿಲ್ಲ. ಆಕೆ ಕಂಡದ್ದು ನಿಜವಾದರೆ, ನಾನು ಯಾವ ಮರದ ಕೆಳಗೆ, ಏನನ್ನು ಬಿಟ್ಟು ನಿಂತಿದ್ದೆ ಎಂಬುದು ಆಕೆಗೆ ಗೊತ್ತು. ಇಲಿ ಬಿದ್ದಿರಲಿಲ್ಲ ಎಂಬುದೂ ಗೊತ್ತು. ಗೊತ್ತಿದ್ದೂ ಮೂವತ್ತು ವರ್ಷ ನನಗೆ ಅನ್ನ ಬಡಿಸಿದ್ದಾಳೆಯೇ? ಕೇಳಿ ತಿಳಿದುಕೊಳ್ಳುವ ಧೈರ್ಯ ನನಗಿಲ್ಲ. ಆಕೆಗೆ ಓದು ಬರುವುದಿಲ್ಲ. ಚಳ್ಳಕೆರೆಗೆ ಬಂದ ಹೊಸದರಲ್ಲಿ ಒಮ್ಮೆ, ನಾಲ್ಕಕ್ಷರ ಕಲಿಸಿ ಎಂದಿದ್ದಳು. ಊರ ಮಕ್ಕಳಿಗೆಲ್ಲ ಕಲಿಸಿದವನು ಆಕೆಗೆ ಕಲಿಸಲಿಲ್ಲ. ಇದನ್ನು ಬರೆಯಲು ಧೈರ್ಯ ಬಂದದ್ದೂ ಅದರಿಂದಲೇ.

ಇಲ್ಲಿಯ ತನಕ ಬರೆಯುವಷ್ಟರಲ್ಲಿ ಸಂಜೆಯಾಯಿತು. ಆಕೆ ದೀಪ ತಂದಿಟ್ಟು, ಎದುರಿಗೆ ನಿಂತು, “ಬೆಳಗಿಂದ ಏನ್ ಬರೀತೀರ್ರಿ?” ಎಂದಳು.

“ಹಳೇದೊಂದು ಕಥೆ.”

ಸ್ವಲ್ಪ ಹೊತ್ತು ಕಾಗದದ ಕಡೆ ನೋಡಿದಳು. “ಕೂಸು ಐತಾ ಅದ್ರಾಗೆ?”

ಐತೆ ಎಂದೆ. ಆಕೆ ದೀಪವನ್ನು ನನ್ನ ಕಡೆಗೆ ಸರಿಸಿ ಒಳಗೆ ಹೋದಳು.